ಮುತ್ತರಾಯಪ್ಪ ಮೇಷ್ಟ್ರ ಮೂರು ಎಣಿಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ವ್ಯಾಯಾಮ ಅಂದರೆ ಆಗುವುದಿಲ್ಲ. ಐವತ್ತು ವರ್ಷ ತಮಿಳುನಾಡಿನ ಗಡಿಯೊಳಗಿನ ನಮ್ಮ ಉದ್ದನಪಲ್ಲಿಯ ಹೊಲದಲ್ಲಿ ರಾಗಿ ಕುಯ್ದು, ಟೊಮೆಟೊ ಹೊತ್ತು ಸವೆದ ಮೈ ಇದು. ಇದನ್ನು ಬೆಳಗ್ಗೆ ಆರು ಗಂಟೆಗೆ ಸ್ಕೂಲು ಮೈದಾನದಲ್ಲಿ ನಿಲ್ಲಿಸಿ ‘ಕೈ ಎತ್ತು, ಕೈ ಇಳಿಸು’ ಅಂದರೆ ಯಾವನಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೂ ಮೂರು ವರ್ಷ ಹೋದೆ. ಕರೆದವನು ಮುತ್ತರಾಯಪ್ಪ. ಅವನ ಮಾತನ್ನು ತೆಗೆದುಹಾಕಲು ನನ್ನಿಂದ ಯಾವತ್ತೂ ಆಗಿಲ್ಲ.

ಮುತ್ತರಾಯಪ್ಪ ನನ್ನ ಜೊತೆ ಒಂದನೇ ಕ್ಲಾಸಿಗೆ ಸೇರಿದವನು. ನಾನು ಎಂಟಕ್ಕೆ ಪುಸ್ತಕ ಮಡಿಸಿ ನೇಗಿಲು ಹಿಡಿದೆ, ಅವನು ಓದಿ ಸರ್ಕಾರಿ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾದ. ಮನೆಯಲ್ಲಿ ಆಡುವುದು ಕನ್ನಡ. ಮೂವತ್ತಮೂರು ವರ್ಷ ಮಕ್ಕಳನ್ನು ಓಡಿಸಿದ್ದು ತಮಿಳಿನಲ್ಲಿ. ಸಂತೆಯಲ್ಲಿ, ಅಂಗಡಿಯಲ್ಲಿ ತೆಲುಗು. ಊರಿಗೆಲ್ಲ ಅವನು ಮೇಷ್ಟ್ರು. ನಾನೊಬ್ಬ ಮಾತ್ರ ‘ಲೋ ಮುತ್ತ’ ಅನ್ನುತ್ತೇನೆ. ಅವನಿಗೆ ನಾನು, ಅಂದರೆ ಈ ಆವುಲಪ್ಪ, ಬರೀ ‘ಆವುಲ’. ಅರವತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಇದೇ ಲೆಕ್ಕ.

ಅವನ ತಾಯಿಗೆ ಮರೆವಿನ ಕಾಯಿಲೆ ಬಂದಿತ್ತು. ನಾಲ್ಕು ವರ್ಷ ನರಳಿದರು. ಕೊನೆಕೊನೆಗೆ, ತುತ್ತು ಕಲಸಿ ಬಾಯಿಗಿಡುತ್ತಿದ್ದ ಮಗನನ್ನೇ ‘ಯಾರ ಮಗ ನೀನು?’ ಅಂತ ಕೇಳುತ್ತಿದ್ದರು. ತಿಥಿ ಮುಗಿಸಿಕೊಂಡು ಬಂದ ದಿನ ಮುತ್ತ ನಮ್ಮ ಜಗಲಿಯ ಮೇಲೆ ಕೂತು ಒಂದು ಮಾತು ಹೇಳಿದ.

“ಸಾಯಕ್ಕೆ ನಂಗೇನೂ ಭಯ ಇಲ್ಲ ಕಣ್ಲಾ. ಒಂದಿನ ನಿನ್ ಮುಖ ನೋಡ್ಬುಟ್ಟು ಯಾರು ಅಂತ ಕೇಳ್ಬುಡ್ತೀನೇನೋ ಅಂತ, ಅದೇ ಭಯ.”

“ಸಾಲ ಇಸ್ಕೊಂಡೋರೆಲ್ಲಾ ಹಂಗೇ ಕೇಳೋದು, ಸುಮ್ಕಿರ್ಲಾ,” ಅಂತ ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ.

ಅವನು ಸುಮ್ಮನಿರುವ ಜಾತಿಯೂ ಅಲ್ಲ. ರಿಟೈರಾದ ಮೇಲೆ ಕೃಷ್ಣಗಿರಿಯಲ್ಲಿ ವಯಸ್ಸಾದವರ ಆರೋಗ್ಯದ ಬಗ್ಗೆ ಎರಡು ದಿನದ ತರಬೇತಿ ನಡೆದಾಗ ತಾನೇ ಹೋಗಿ ಕೂತ. ದಿನಾ ನಡೆಯುವವರಿಗೆ, ಕೈಕಾಲಿಗೂ ತಲೆಗೂ ಒಟ್ಟಿಗೆ ಕೆಲಸ ಕೊಡುವವರಿಗೆ ಮರೆವಿನ ಕಾಯಿಲೆ ಬರುವ ಸಂಭವ ಕಡಿಮೆ ಅಂತ ಅಲ್ಲಿ ಹೇಳಿದರಂತೆ. ಬಂದವನೇ ಮನೆಮನೆ ಬಾಗಿಲು ತಟ್ಟಿ ಇಪ್ಪತ್ತೆರಡು ಮುದುಕ ಮುದುಕಿಯರನ್ನು ಸಾಲಾಗಿ ನಿಲ್ಲಿಸಿದ. ‘ಹೊಲದಲ್ಲಿ ಬಗ್ಗಿದ್ದು ಸಾಲದಾ?’ ಅಂದವರಿಗೆ, ‘ನೀವು ಬಗ್ಗೋದು ಬಿಟ್ಟು ಟಿ.ವಿ. ಮುಂದೆ ಕೂತು ಎಷ್ಟು ವರ್ಷ ಆಯ್ತು ಹೇಳಿ’ ಅಂತ ಕೇಳಿದ.

ಅವನ ಕ್ರಮ ಹೀಗಿತ್ತು. ಕೈ ಎತ್ತುವಾಗ ತಮಿಳಿನಲ್ಲಿ ಎಣಿಸಬೇಕು. ಕುರ್ಚಿಯಿಂದ ಎದ್ದು ಕೂರುವಾಗ ತೆಲುಗಿನಲ್ಲಿ. ಒಂಟಿ ಕಾಲಲ್ಲಿ ನಿಲ್ಲುವಾಗ ಕನ್ನಡದಲ್ಲಿ. ಎಂಟರವರೆಗೆ ಹೋಗಿ, ಎಂಟರಿಂದ ಹಿಂದಕ್ಕೆ ಬರಬೇಕು. ಮೂರೂ ಮಾತು ಬಲ್ಲ ಊರು ನಮ್ಮದು, ಆದರೂ ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಎಣಿಸುವಾಗ ತಲೆ ಗಿರ್ರೆನ್ನುತ್ತಿತ್ತು. ತಪ್ಪಿದವರನ್ನು ನೋಡಿ ಉಳಿದವರು ನಗುತ್ತಿದ್ದರು. ನನ್ನ ತಪ್ಪು ಬೇರೆಯದು. ಕೈ ಎತ್ತಿದರೆ ಮೊಣಕೈ ನೆಟ್ಟಗೆ ನಿಲ್ಲುತ್ತಿರಲಿಲ್ಲ.

“ಮೊಣಕೈ ಮಡಿಸ್ಬೇಡ ಕಣ್ಲಾ ಆವುಲ! ರಾಗಿ ತೆನೆ ಬಗ್ದಂಗೆ ಬಗ್ತದಲ್ಲೋ!” ಅಂತ ಮೈದಾನದ ಆ ತುದಿಯಿಂದ ಕೂಗುತ್ತಿದ್ದ. ಮೂರು ವರ್ಷ, ಒಂದು ದಿನವೂ ತಪ್ಪದೆ ಬೈಸಿಕೊಂಡೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಕೈ ಎತ್ತಿಸುವಾಗ ಅವನು ಕನ್ನಡದಲ್ಲಿ ಎಣಿಸಿದ. ಮಾರನೇ ದಿನವೂ ಅಷ್ಟೇ. ನಮಗೆ ತಮಾಷೆ ಅನ್ನಿಸಿತು. ನಮ್ಮ ಸಾಲಿನಲ್ಲೇ ನಿಲ್ಲುವ, ಮನೆಯಲ್ಲಿ ತೆಲುಗು ಆಡುವ ಭದ್ರಮ್ಮ, “ಬಿಡ್ರಪ್ಪ, ಮೇಷ್ಟ್ರು ರಿಟೈರಾಗಿ ಮನೆ ಮಾತಿಗೆ ಬಂದ್ರು,” ಅಂದಳು. ನಾನಂತೂ ‘ಭೇಷ್ ಕಣ್ಲಾ’ ಅಂತ ಅವನ ಬೆನ್ನು ತಟ್ಟಿದೆ. ಆ ಕೈಯನ್ನು ಈಗ ಕಡಿದುಹಾಕಬೇಕು ಅನ್ನಿಸುತ್ತದೆ.

ಬೇಸಿಗೆಯ ಹೊತ್ತಿಗೆ ತೆಲುಗಿನ ಎಣಿಕೆಯೂ ನಿಂತಿತು. ಬಸ್ಸಿನ ಕಂಡಕ್ಟರು ತಮಿಳಿನಲ್ಲಿ ಕೇಳಿದರೆ ಇವನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಬೇರೆ ಊರಾಗಿದ್ದರೆ ಯಾರಾದರೂ ‘ಇದೇನಿದು?’ ಅನ್ನುತ್ತಿದ್ದರೋ ಏನೋ. ನಮ್ಮ ಕಡೆ ಒಬ್ಬರು ಒಂದು ಭಾಷೆಯಲ್ಲಿ ಕೇಳಿ ಇನ್ನೊಬ್ಬರು ಇನ್ನೊಂದರಲ್ಲಿ ಹೇಳುವುದು ಗಾಳಿ ಬೀಸಿದಷ್ಟೇ ಸಹಜ. ಯಾರು ಗಮನಿಸುತ್ತಾರೆ? ಅವನ ಹೆಂಡತಿ ಗಂಗಾದೇವಿಯೂ ಗಮನಿಸಲಿಲ್ಲ. ಅವನು ತಮಿಳು ಪೇಪರು ಓದುವುದು ಬಿಟ್ಟಾಗ ಕಣ್ಣು ಮಂಜಾಗಿದೆ ಅಂದುಕೊಂಡು ಹೊಸೂರಿಗೆ ಕರೆದುಕೊಂಡು ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡು ಬಂದಳು.

ಆಗಸ್ಟಿನಲ್ಲಿ, ತಮಿಳರ ಆಡಿ ತಿಂಗಳು ಕಳೆದ ಮೇಲೆ ಕೃಷ್ಣಗಿರಿಯಲ್ಲಿ ಹಿರಿಯರ ಸಮಾರಂಭವೊಂದಿತ್ತು. ಊರಲ್ಲಿ ಇಂಥ ತರಗತಿ ನಡೆಸಿದ್ದಕ್ಕೆ ಮುತ್ತನಿಗೆ ಶಾಲು ಹೊದಿಸುತ್ತೇವೆ ಅಂತ ಕಾಗದ ಬಂತು. ನಾನೂ ಬಿಳಿ ಅಂಗಿ ತೊಟ್ಟು ಜೊತೆಗೆ ಹೋದೆ. ರಾಯಕೋಟೆಯಲ್ಲಿ ಬಸ್ಸು ಬದಲಾಯಿಸುವಾಗ ವಡೆ ತಿಂದೆವು, ನಕ್ಕೆವು. ಅವನು ಚೆನ್ನಾಗೇ ಇದ್ದ. ಆಣೆ ಇಟ್ಟು ಹೇಳುತ್ತೇನೆ, ಚೆನ್ನಾಗೇ ಇದ್ದ.

ವೇದಿಕೆಯ ಮೇಲೆ ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು. ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ಹಿಡಿದು ತಮಿಳಿನಲ್ಲಿ, ‘ಅಯ್ಯಾ, ಈ ತರಗತಿ ಯಾಕೆ ಶುರು ಮಾಡಿದಿರಿ? ಎರಡು ಮಾತು ಹೇಳಿ’ ಅಂತ ಕೇಳಿದಳು. ಮುತ್ತ ಸುಮ್ಮನೆ ಅವಳ ಮುಖ ನೋಡಿದ. ಅವಳು ಇನ್ನೊಮ್ಮೆ, ನಿಧಾನವಾಗಿ ಕೇಳಿದಳು. ಅವನು ಮೈಕಿನ ಹತ್ತಿರದಿಂದ ಸರಿದು ವೇದಿಕೆಯ ಅಂಚಿಗೆ ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ಬಗ್ಗಿದ.

“ಆ ಹೆಣ್ಮಗು ಏನ್ ಕೇಳ್ತೈತೆ ಕಣ್ಲಾ? ಒಂದೂ ಅರ್ಥ ಆಗ್ತಿಲ್ಲ.”

ಮೂವತ್ತಮೂರು ವರ್ಷ ತಮಿಳಿನಲ್ಲಿ ಗದರಿದ ಗಂಟಲು ಅದು. ಅವನ ಕಣ್ಣಲ್ಲಿ ತಮಾಷೆ ಹುಡುಕಿದೆ. ಇರಲಿಲ್ಲ. ಹೆದರಿಕೆ ಇತ್ತು. ಅವನು ಭಾಷೆ ಬದಲಾಯಿಸಿದ್ದಲ್ಲ, ಒಂದೊಂದಾಗಿ ಕಳೆದುಕೊಳ್ಳುತ್ತಾ ಬಂದಿದ್ದಾನೆ ಅನ್ನುವುದು ಆ ಕ್ಷಣಕ್ಕೆ ನನ್ನ ಮಂದ ತಲೆಗೆ ಹೊಳೆಯಿತು. ಎಂಟು ತಿಂಗಳು ನಾವು ಇಪ್ಪತ್ತೆರಡು ಜನ ಅದನ್ನು ಎದುರಿಗೇ ನಿಂತು ನೋಡಿದ್ದೆವು, ನಕ್ಕಿದ್ದೆವು.

ಹೊಸೂರಿನ ಡಾಕ್ಟರು ಸ್ಕ್ಯಾನು ಮಾಡಿಸಿ, ಅವನ ತಾಯಿಗೆ ಬಂದದ್ದೇ ಇದು ಅಂದರು. ನಾನು ಆಸ್ಪತ್ರೆ ಅನ್ನುವುದನ್ನೂ ಮರೆತು ಕೂಗಾಡಿದೆ.

“ಇದ್ಯಾವ ನ್ಯಾಯ ಸಾ? ದಿನಾ ಕುಣಿದೋನು ಅವ್ನು. ಕಳ್ಳಾಟ ಆಡ್ದೋನು ನಾನು. ಬರೋದಿದ್ರೆ ನಂಗೆ ಬರ್ಬೇಕಿತ್ತು!”

ಡಾಕ್ಟರು ಬೇಸರಿಸಿಕೊಳ್ಳಲಿಲ್ಲ. ವ್ಯಾಯಾಮದಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ ಅಂದರು. ಇಷ್ಟು ವರ್ಷ ಅವನನ್ನು ನೆಟ್ಟಗೆ ನಿಲ್ಲಿಸಿದ್ದು ಆ ಮೈದಾನವೇ ಇರಬಹುದು, ಖಚಿತವಾಗಿ ಹೇಳಲು ಯಾರಿಂದಲೂ ಆಗದು ಅಂದರು. ಏನೇ ಆಗಲಿ ಅವರನ್ನು ಮನೆಯಲ್ಲಿ ಕೂರಿಸಬೇಡಿ ಅಂತ ಎರಡು ಸಲ ಹೇಳಿದರು.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಮಾರನೇ ದಿನ ಮೈದಾನಕ್ಕೆ ಬಂದವರು ಐದೇ ಜನ. ‘ಮೇಷ್ಟ್ರಿಗೇ ಬಂತು, ಇನ್ನು ನಾವು ಕುಣಿದು ಏನು ಕಡಿದು ಕಟ್ಟೆ ಹಾಕೋದು?’ ಅಂತ ಉಳಿದವರು ಟೀ ಅಂಗಡಿಯಲ್ಲಿ ಕೂತಿದ್ದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಭದ್ರಮ್ಮ ಸೀದಾ ಅಂಗಡಿಗೆ ನುಗ್ಗಿದಳು.

“ಬೇಲಿ ಹಾಕಿದ್ರೂ ಆನೆ ಬಂದು ರಾಗಿ ತಿನ್ನಲ್ವಾ? ಹಂಗಂತ ಬೇಲಿ ಕಿತ್ತು ಹಾಕಿದ್ದೀರಾ? ರಾಗಿ ಬೆಳಿಯೋದು ಬಿಟ್ಟಿದ್ದೀರಾ? ಆವಯ್ಯ ನಮ್ಮನೆ ಬಾಗ್ಲಿಗೆ ಬಂದು ಕರ್ದ. ಇವತ್ತು ಅವ್ನಿಗೆ ನಾವು ಬೇಕು. ಏಳ್ರೀ ಮೇಲೆ!”

ಒಬ್ಬೊಬ್ಬರಾಗಿ ಎದ್ದರು. ಮುಂದೆ ನಿಂತು ಎಣಿಸುವ ಕೆಲಸ ನನ್ನ ತಲೆಗೆ ಕಟ್ಟಿದರು.

ಗಂಗಾದೇವಿ ದಿನಾ ಬೆಳಗ್ಗೆ ಅವನ ಕೈ ಹಿಡಿದು ಕರೆತಂದು ಕೊನೆಯ ಸಾಲಿನಲ್ಲಿ ನಿಲ್ಲಿಸುತ್ತಾಳೆ. ನಾನು ತಮಿಳಿನಲ್ಲಿ ಎಣಿಸುತ್ತೇನೆ, ಅವನ ಕೈ ಏಳುತ್ತದೆ. ತೆಲುಗಿನಲ್ಲಿ ಎಣಿಸುತ್ತೇನೆ, ಕುರ್ಚಿಯಿಂದ ಏಳುತ್ತಾನೆ. ಮಾತು ಅವನಿಗೆ ತಿಳಿಯುವುದಿಲ್ಲ, ಮೈಗೆ ತಿಳಿಯುತ್ತದೆ. ಕನ್ನಡಕ್ಕೆ ಬಂದಾಗ ಮಾತ್ರ ತುಟಿ ಅಲ್ಲಾಡುತ್ತದೆ. ಆ ಎಂಟು ಅಂಕಿಗಾಗಿ ನಾನು ರಾತ್ರಿಯೆಲ್ಲ ಕಾದಿರುತ್ತೇನೆ.

ಈ ಸೋಮವಾರ ಕೈ ಎತ್ತಿಸುತ್ತಿದ್ದೆ. ಮುತ್ತ ಸಾಲು ಬಿಟ್ಟು ನಡೆದು ಬಂದ. ಬೆನ್ನು ನೆಟ್ಟಗೆ, ಹೆಜ್ಜೆ ಬಿರುಸು, ಹಳೆಯ ಡ್ರಿಲ್ ಮೇಷ್ಟ್ರ ನಡಿಗೆಯೇ. ನೋಡಿ ಖುಷಿಯಾಯಿತು. ಹತ್ತಿರ ಬಂದವನು ನನ್ನ ಮೊಣಕೈಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಸರಿಮಾಡಿದ.

“ಮೊಣಕೈ ಮಡಿಸ್ಬೇಡಿ,” ಅಂದ. ಆಮೇಲೆ ಮರ್ಯಾದೆಯಿಂದ ನಕ್ಕು ಕೇಳಿದ, “ಹೊಸದಾಗಿ ಬಂದಿದ್ದೀರಾ? ಯಾವೂರು ನಿಮ್ದು?”

ಅರವತ್ತು ವರ್ಷದಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟರು. ಗಂಗಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಇದೇ ಊರು ಮೇಷ್ಟ್ರೇ,” ಅಂದೆ. ಮೊಣಕೈ ನೆಟ್ಟಗೆ ಮಾಡಿ, ಮತ್ತೆ ಒಂದರಿಂದ ಎಣಿಸಿದೆ.