ಬೇಲಿಯ ಈಚೆಗೆ ಸಿಕ್ಕ ಕಲ್ಲು

ತೊಂಬತ್ತರ ದಶಕದ ಕೊನೆಯಲ್ಲಿ, ಈ ದೇಶಕ್ಕೆ ಬಂದು ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟಿನಲ್ಲಿ ಐದು ವರ್ಷ ಕಳೆದ ಮೇಲೆ, ನಾವೂ ಒಂದು ಮನೆ ಬುಕ್ ಮಾಡಿದೆವು. ಬ್ರಾಂಪ್ಟನ್ನಿನ ಉತ್ತರಕ್ಕೆ, ಜೋಳದ ಹೊಲಗಳನ್ನು ಸಮ ಮಾಡಿ ಕಟ್ಟುತ್ತಿದ್ದ ಬಡಾವಣೆ. ನಮ್ಮ ಲಾಟಿನ, ಅಂದರೆ ನಿವೇಶನದ, ಹಿಂದೆಯೇ ಹಳೆಯ ಹಳ್ಳಿ ಚರ್ಚೊಂದರ ಸ್ಮಶಾನ. ಚರ್ಚು ಎಂದೋ ಬಿದ್ದುಹೋಗಿ, ಕೆತ್ತನೆಯ ಸಮಾಧಿಗಲ್ಲುಗಳಷ್ಟೇ ಉಳಿದಿದ್ದವು. ಸೇಲ್ಸ್ ಆಫೀಸಿನವಳು ಮ್ಯಾಪಿನಲ್ಲಿ ಅದನ್ನು 'ಗ್ರೀನ್ ಸ್ಪೇಸ್' ಎಂದು ತೋರಿಸಿದ್ದಳು.

ಮಾರ್ಚಿನ ಒಂದು ಭಾನುವಾರ ಜಾಗ ನೋಡಲು ಹೋದೆವು. ನನ್ನ ಹೆಂಡತಿಗೆ ಆಗ ಆರು ತಿಂಗಳು. ನಾನು ಬೇಲಿಯಾಚೆಯ ಕಲ್ಲುಗಳನ್ನು ನೋಡುತ್ತ ನಿಂತೆ. ಅವುಗಳ ಮೇಲೆ ಕೆತ್ತಿದ ಬಾಗಿದ ಮರ, ಮೇಲಕ್ಕೆ ಬೆರಳು ತೋರುವ ಕೈ. ವೀರಗಲ್ಲು, ಮಾಸ್ತಿಕಲ್ಲುಗಳನ್ನು ನೋಡಿ ಬೆಳೆದವನಿಗೆ ಅವು ತೀರ ಹೊಸತೆನಿಸಲಿಲ್ಲ.

"ರೀ, ಇಲ್ಲಿ ಬನ್ನಿ."

ಅವಳು ನಮ್ಮ ಲಾಟಿನೊಳಗೇ ನಿಂತಿದ್ದಳು. ಯಂತ್ರ ಅಗೆದು ಹಾಕಿದ್ದ ಮಣ್ಣಿನಲ್ಲಿ ಒಂದು ಚಪ್ಪಡಿ. ಹಿಮದಿಂದ ಉಜ್ಜಿದಾಗ ಮಲಗಿದ ಕುರಿಮರಿಯ ಕೆತ್ತನೆ ಕಂಡಿತು. ಕೆಳಗೆ ನಾಲ್ಕು ಮಕ್ಕಳ ಹೆಸರು. ನಾಲ್ವರೂ ಒಂದೇ ತಿಂಗಳಲ್ಲಿ ಸತ್ತಿದ್ದರು.

"ಇದು ಬೇಲಿ ಈಚೆಗೆ ಯಾಕ್ ಬಂತು?"

"ಯಾರೋ ತಂದು ಹಾಕಿರ್ಬೇಕು" ಅಂದೆ.

ಅವಳು ನೆಲದತ್ತ ಕೈ ತೋರಿಸಿದಳು. ಉಳಿದೆಡೆ ಹಿಮ ಕರಗಿತ್ತು. ನಮ್ಮ ಲಾಟಿನ ತಗ್ಗುಗಳಲ್ಲಿ ಮಾತ್ರ ಬೆಳ್ಳಗೆ ನಿಂತಿತ್ತು, ಸಾಲಾಗಿ. ಒಂದೊಂದು ತಗ್ಗೂ ತೊಟ್ಟಿಲಿಗಿಂತ ಕೊಂಚ ಉದ್ದ.

ಕಲ್ಲಿನ ವಿಷಯ ಎತ್ತದೆ, ಬೇರೆ ಲಾಟು ಬೇಕೆಂದಷ್ಟೇ ಕೇಳಿದೆವು. ಬಿಲ್ಡರಿನವರು ಒಂದೂ ಪ್ರಶ್ನೆಯಿಲ್ಲದೆ ಎರಡು ಬೀದಿ ಆಚೆಗೆ ಕೊಟ್ಟರು. ಅವರು ಅಷ್ಟು ಸಲೀಸಾಗಿ ಒಪ್ಪಿದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಆ ವರ್ಷವೇ ಕನ್ನಡದವರ ಒಂದು ಊಟದಲ್ಲಿ ಧಾರವಾಡ ಕಡೆಯ ಇಂಜಿನಿಯರೊಬ್ಬ ನನ್ನ ಪಕ್ಕ ಕುಳಿತ. "ನಿಮ್ಮ ಏರಿಯಾದಾಗ ಸ್ಮಶಾನದ ಬಾಜೂಕ ಒಂದು ಮನಿ ಉಳದೈತ್ರಿ. ತಗೋಬೌದೇನ್ರಿ?"

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಒಳ್ಳೆ ಏರಿಯಾ, ತಗೊಳ್ಳಿ" ಅಂದುಬಿಟ್ಟೆ.

ನಾವು ಬಿಟ್ಟ ಲಾಟಿನ ಮನೆಗೇ ಆ ಇಂಜಿನಿಯರನ ಸಂಸಾರ ಬಂತು. ಹಿಮ ಕರಗಿದಾಗಲೆಲ್ಲ ಅವರ ಹಿತ್ತಲು ಕುಸಿಯುತ್ತಿತ್ತು. ಆತ ಮಣ್ಣು ತಂದು ತುಂಬುತ್ತಿದ್ದ. ಅವರಿಗೂ ನಮಗೂ ಒಂದೇ ವಯಸ್ಸಿನ ಹೆಣ್ಣುಮಕ್ಕಳು. ಅಲ್ಲಿಗೆ ಆಡಲು ಹೋಗಬೇಡ ಎಂದು ಹೆಂಡತಿ ಗದರಿದರೆ, ಮಗಳು "ಬಟ್ ವೈ, ಅಮ್ಮಾ?" ಎನ್ನುತ್ತಿದ್ದಳು.

ಐದು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಮಗಳು ಆ ಹಿತ್ತಲಲ್ಲಿ ಸಿಕ್ಕಿತೆಂದು ತುಕ್ಕು ಹಿಡಿದ ಪುಟ್ಟ ಹಿಡಿಯೊಂದನ್ನು ತಂದು ಊಟದ ಟೇಬಲ್ ಮೇಲಿಟ್ಟಳು. ಅದರ ಮೇಲೂ ಅದೇ ಮಲಗಿದ ಕುರಿಮರಿ. ಮಗುವಿನ ಶವಪೆಟ್ಟಿಗೆಯ ಹಿಡಿ. ಹೆಂಡತಿ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಸೀದಾ ಅವರ ಮನೆಗೆ ನಡೆದಳು. ನಾನು ಹಿಂದೆ ಹೋದೆ. ಕಲ್ಲು, ತಗ್ಗುಗಳು, ಎಲ್ಲವನ್ನೂ ಅವಳೇ ಹೇಳಿದಳು.

ಇಂಜಿನಿಯರನ ಹೆಂಡತಿ ನನ್ನ ಕಡೆ ತಿರುಗಿದಳು. "ನಾವು ಮನಿ ತಗೊಳ್ಳೂಕಿಂತ ಮೊದಲ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಇಂಜಿನಿಯರ್ ಹಿತ್ತಲಿಗೆ ಹೋಗಿ ತನ್ನ ಮಗಳನ್ನು ಎತ್ತಿಕೊಂಡು ಒಳಗೆ ಬಂದು ಹಿಂಬಾಗಿಲು ಹಾಕಿದ.

ಮುಂದಿನ ಬೇಸಿಗೆಯಲ್ಲಿ ಅವರು ಮನೆ ಮಾರಿದರು. ಕೊಂಡವರಿಗೆ ಏನು ಹೇಳಿದರೋ ತಿಳಿಯದು. ಕೇಳುವ ಮುಖ ನನಗಿರಲಿಲ್ಲ. ಹೊಸಬರು ಬಂದ ವಾರ ಆ ದಾರಿಯಾಗಿ ಬರುವಾಗ, ಹಿತ್ತಲಲ್ಲಿ ಯಾರೋ ಮಕ್ಕಳ ಉಯ್ಯಾಲೆಗೆ ಗುಂಡಿ ತೋಡುತ್ತಿದ್ದರು. ಕಾರು ನಿಧಾನ ಮಾಡಿದೆ. ಆಮೇಲೆ ನಿಲ್ಲಿಸದೆ ಮನೆಗೆ ಹೋದೆ.