ನಾಟಿ ಗದ್ದೆಯ ತುಂಬುತೋಳಿನ ಅಂಗಿ

“ಅಕಿ ಮೈಮ್ಯಾಗ ಏನಿತ್ತು?”

ಹೋದ ಭಾನುವಾರ ಊರಿಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಎದುರಾದ ಪ್ರಶ್ನೆ ಇದು. ಕುಡಿಯಲು ನೀರು ಕೊಡುವ ಮೊದಲೇ ಕೇಳಿದವಳು ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ.

ಏನಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚೂಡಿದಾರ. ಅದರ ಮೇಲೆ ಅಪ್ಪನ ತುಂಬುತೋಳಿನ ಅಂಗಿ, ಕುತ್ತಿಗೆವರೆಗೆ ಗುಂಡಿ ಹಾಕಿದ್ದು. ತಲೆಗೆ ಟವೆಲ್. ಮೊಣಕಾಲಿನವರೆಗೆ ಕೆಸರು. ಕಾಣುತ್ತಿದ್ದದ್ದು ಮುಖ ಮತ್ತು ಕೈಬೆರಳು ಅಷ್ಟೇ. ಇದಕ್ಕಿಂತ ಹೆಚ್ಚು ಮುಚ್ಚಿಕೊಂಡರೆ ನಾಟಿ ಹಚ್ಚಲು ಬರುವುದಿಲ್ಲ.

ಗಂಗಾವತಿ ತಾಲ್ಲೂಕಿನ ನಮ್ಮೂರಿನಂಥ ಒಣಭೂಮಿಯ ಹಳ್ಳಿಗಳಿಂದ ಹೆಂಗಸರು ಟಂಟಂ ಆಟೊ ತುಂಬಿಕೊಂಡು ಶ್ರೀರಾಮನಗರದ ಕಡೆ ಕಾಲುವೆ ಗದ್ದೆಗಳಿಗೆ ಹೋಗುತ್ತಾರೆ. ಎಲ್ಲರ ಮೈಮೇಲೂ ಮನೆಯ ಗಂಡಸಿನದೊಂದು ಹಳೆಯ ಅಂಗಿ ಇರುತ್ತದೆ. ಈ ಹುಡುಗಿ ಚಿಗವ್ವನ ಪಕ್ಕದ ಮನೆಯವಳು. ಬಿ.ಎ. ಓದುತ್ತಾಳೆ, ರಜೆ ಬಂದರೆ ನಾಟಿಗೆ ಹೋಗುತ್ತಾಳೆ. (ಹೆಸರು ಬರೆಯುವುದಿಲ್ಲ. ಕಾನೂನಿಗೂ ಬೇಡ, ನನಗೂ ಬೇಡ.)

ನಡೆದದ್ದು ಇಷ್ಟು. ಹೆಂಗಸರನ್ನು ಗದ್ದೆಗೆ ಕರೆದೊಯ್ಯುವ ಮೇಸ್ತ್ರಿ ಊಟದ ಹೊತ್ತಿನಲ್ಲಿ “ನೀರಿನ ಕೊಡ ತರೂಣು ಬಾ” ಎಂದು ಅವಳನ್ನು ಪಂಪ್‌ಸೆಟ್ ಶೆಡ್ಡಿಗೆ ಕರೆದ. ಸಣ್ಣವಳಿದ್ದಾಗಿನಿಂದ ಕಾಕಾ ಎನ್ನುತ್ತಿದ್ದ ಮನುಷ್ಯ, ಹೋದಳು. ಅಲ್ಲಿ ಅವನು ಅವಳ ಮೇಲೆ ಅತ್ಯಾಚಾರ ಮಾಡಿದ.

ಮಟಮಟ ಮಧ್ಯಾಹ್ನ. ಗುರುತಿನ ಮನುಷ್ಯ. ಮೈತುಂಬ ಬಟ್ಟೆ. ಕತ್ತಲು, ಅಪರಿಚಿತ, ತುಂಡು ಬಟ್ಟೆ ಎಂದು ನಾವು ಹೆಣ್ಣುಮಕ್ಕಳನ್ನು ಹೆದರಿಸುತ್ತೇವಲ್ಲ, ಅದರಲ್ಲಿ ಯಾವುದಿತ್ತು ಇಲ್ಲಿ?

ಸಂಜೆ ಮನೆಗೆ ಬಂದವಳು ಯಾರೊಂದಿಗೂ ಮಾತಾಡದೆ ರೊಟ್ಟಿ ಬಡಿದಳು. ರೊಟ್ಟಿ ಮುಗಿದ ಮೇಲೆ ತಾಯಿಗೆ ಹೇಳಿದಳು. ತಾಯಿ ಮೊದಲು ಮಾಡಿದ ಕೆಲಸ, ಮಗಳ ತಲೆಯ ಮೇಲೆ ನೀರು ಹಾಕಿದ್ದು. ಹೆಣದ ಮನೆಗೆ ಹೋಗಿ ಬಂದರೂ ತಲೆಗೆ ನೀರು, ಮುಟ್ಟಬಾರದ್ದನ್ನು ಮುಟ್ಟಿದರೂ ತಲೆಗೆ ನೀರು. ನಮ್ಮ ಮಂದಿಗೆ ಗೊತ್ತಿರುವ ಔಷಧ ಅದೊಂದೇ. ಆಮೇಲೆ ಅಂಗಿಗೆ ಸೋಪು ಹಚ್ಚಿ, ಕಲ್ಲಿಗೆ ಬಡಿದು ಒಗೆದಳು. ಮರುದಿನ ದೇವಿಯ ಕ್ಷೇತ್ರ ಹುಲಿಗಿಗೆ ಕರೆದೊಯ್ದು ಹೊಳೆಯಲ್ಲೂ ಮುಳುಗಿಸಿದಳು. ಅಲ್ಲಿಂದ ಕೊಪ್ಪಳದ ನಮ್ಮ ಮನೆಗೆ ಬಂದರು. ನಾನು ಕಲಿತವಳಲ್ಲವೇ? (ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು. ಊರಿನ ಮನೆಯ ಗೋಡೆಯ ಮೇಲೆ ಫೋಟೊ ಇದೆ. ಗೌನು ಬಾಡಿಗೆಯದು, ನಗು ಸ್ವಂತದ್ದು.)

ನಾನು ಕರೆದೊಯ್ದ ಆಸ್ಪತ್ರೆಯ ಡಾಕ್ಟರಮ್ಮ ಬೈಯಲಿಲ್ಲ. “ಜಳಕಾ ಮಾಡ್ಸಿದ್ರೂ ಪರೀಕ್ಷೆ ಮಾಡ್ತೀವ್ರಿ. ಆದ್ರ ಸೀದಾ ಬಂದಿದ್ರ ಭಾಳ ಛಲೋ ಇತ್ತು” ಎಂದರು.

“ಮಗಳನ್ನ ಹೊಲಸಿನ್ಯಾಗ ಹೆಂಗ ಕರ್ಕೊಂಡು ಬರ್ಲ್ರಿ ಬಾಯಾರ?” ಎಂದಳು ತಾಯಿ.

(ದಯವಿಟ್ಟು ಒಂದು ನೆನಪಿಡಿ. ಮೈ ತೊಳೆಯಬೇಡಿ, ಬಟ್ಟೆ ಒಗೆಯಬೇಡಿ, ಆ ಬಟ್ಟೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ. ತೊಳೆದುಬಿಟ್ಟಿದ್ದರೂ ಹೋಗಿ.)

ದೂರು ದಾಖಲಾಯಿತು. ಮೇಸ್ತ್ರಿಯನ್ನು ಹಿಡಿದು ಒಳಗೂ ಹಾಕಿದರು. ಠಾಣೆಯಲ್ಲಿ ಕೇಳಿದರು: ನಿನ್ನನ್ನು ಶೆಡ್ಡಿಗೆ ಕರೆದದ್ದನ್ನು ಯಾರಾದರೂ ನೋಡಿದ್ದಾರಾ?

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗಿ ತಲೆ ಎತ್ತಿ ನನ್ನ ಕಡೆ ತಿರುಗಿದಳು. “ಅಕ್ಕಾ, ನಿಮ್ಮ ಚಿಗವ್ವ ನೋಡ್ಯಾಳ. ಕೇಳಿದ್ರ ಹೇಳ್ತಾಳ. ಅಕಿ ಸುಳ್ಳಾಡಾಕಿ ಅಲ್ಲ.”

ಅದಕ್ಕೇ ನಾನು ಭಾನುವಾರ ಊರಿಗೆ ಹೋದದ್ದು. ಬಾಗಿಲಲ್ಲೇ ಆ ಪ್ರಶ್ನೆ.

“ನೀನ ಅಕಿ ಬಾಜೂಕ ನಾಟಿ ಹಚ್ಚಾಕತ್ತಿದ್ದಿ. ಏನಿತ್ತಂತ ನನ್ನ ಕೇಳ್ತಿಯಲ್ಲ ಚಿಗವ್ವ” ಎಂದೆ.

“ನನಗ ಗೊತ್ತೈತವಾ. ಮಂದಿ ಕೇಳ್ತಾರಲ್ಲ, ಅದಕ್ಕ ಕೇಳಿದೆ.”

“ಮಂದಿ ಮತ್ತೇನೇನು ಕೇಳ್ತಾರ?”

“ಕರದ ಕೂಡ್ಲೆ ಯಾಕ ಹೋದ್ಲು ಅಂತಾರ. ಒದರಾಕ ಬಾಯಿ ಇರ್ಲಿಲ್ಲೇನು ಅಂತಾರ. ಮನಿಗೆ ಬಂದು ರೊಟ್ಟಿ ಬಡದ್ಲಂತಲ್ಲ, ಅಂಥಾದ್ದು ಆಗಿದ್ರ ರೊಟ್ಟಿ ಬಡೀತಿದ್ಲೇನು ಅಂತಾರ.”

ಸುಸ್ತಾಗುತ್ತದೆ ನನಗೆ. ಈ ಪ್ರಶ್ನೆಗಳನ್ನು ಕುಷ್ಟಗಿಯ ಬಸ್ಸಿನಲ್ಲಿ ಕೇಳಿದ್ದೇನೆ, ಯಲಬುರ್ಗಾದ ಮದುವೆ ಊಟದ ಸಾಲಿನಲ್ಲಿ ಕೇಳಿದ್ದೇನೆ, ನನ್ನದೇ ಆಫೀಸಿನ ಚಹಾದ ಹೊತ್ತಿನಲ್ಲಿ ಡಬಲ್ ಡಿಗ್ರಿಯವರ ಬಾಯಲ್ಲೂ ಕೇಳಿದ್ದೇನೆ. ಹುಡುಗಿ ಬೇರೆ, ಊರು ಬೇರೆ. ಪ್ರಶ್ನೆ ಮಾತ್ರ ಅದೇ.

ಒದರಲಿಲ್ಲವಂತೆ. ಬದುವಿನ ಮೇಲೆ ಹಾವು ಎದುರಾದಾಗ ಎಷ್ಟು ಜನ ಒದರಿದ್ದೀರಿ? ಕಾಲು ನೆಟ್ಟಲ್ಲೇ ನಿಲ್ಲುತ್ತವೆ, ಗಂಟಲು ಒಣಗುತ್ತದೆ. ಹಾವಿಗೆ ಹೆದರಿ ನಿಂತವನನ್ನು “ನಿನಗೂ ಮನಸ್ಸಿತ್ತೇನೋ” ಎಂದು ಯಾರೂ ಕೇಳುವುದಿಲ್ಲ. ಇನ್ನು ರೊಟ್ಟಿ. ದಿನಾ ಮಾಡುವ ಕೆಲಸವನ್ನು ಕೈ ಮಾಡಿತು. ಆ ಹೊತ್ತಿನಲ್ಲಿ ಅವಳಿಗೆ ತನ್ನದು ಅನ್ನಿಸಿದ್ದು ಆ ಕೈ ಮಾತ್ರವೇನೋ, ಯಾರಿಗೆ ಗೊತ್ತು? ಅತ್ತಿದ್ದರೆ ನಾಟಕ ಎನ್ನುತ್ತಿದ್ದರು. ಅಳಲಿಲ್ಲ, ಆದ್ದರಿಂದ ಸುಳ್ಳು. ಹೆಣ್ಣು ಹೇಗಿದ್ದರೆ ನಾವು ನಂಬುತ್ತೇವೆ?

ಇದನ್ನೆಲ್ಲ ಚಿಗವ್ವನಿಗೆ ಹೇಳಲಿಲ್ಲ. ಒಂದೇ ಮಾತು ಕೇಳಿದೆ. “ನಾಟಿಗೆ ಹೋಗುಮುಂದ ಆ ಅಂಗಿ ಯಾಕ ಹಾಕ್ಕೋತೀರಿ?”

“ಬಿಸಿಲಿಗೆ. ಎಲಿ ಕೈ ಕೊಯ್ತಾವ.”

ಒಲೆಯ ಮುಂದೆ ಕೂತು ಚಹಾಕ್ಕಿಟ್ಟಳು. ಸಕ್ಕರೆ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

“ಬಗ್ಗಿದ್ರ ಬದುವಿನ ಮ್ಯಾಗ ನಿಂತಾಂವ ನೋಡ್ತಾನ. ಅದಕ್ಕೂ.”

“ಯಾರು?”

“ಮತ್ಯಾರು. ಅವನ.”

“ಎಲ್ಲಾರಿಗೂ ಗೊತ್ತಿತ್ತೇನು?”

“ಸುಳ್ಳ ಸುಳ್ಳ ಅಂಥಾ ಸೆಕಿಯಾಗ ಎಲ್ಲಾರೂ ಗಂಡಸರ ಅಂಗಿ ಹಾಕ್ಕೊಂಡು ಬೇಯ್ತೀವೇನು?”

ಎಷ್ಟೋ ವರ್ಷದಿಂದ ಹೆಂಗಸರಿಗೆಲ್ಲ ಗೊತ್ತಿತ್ತು. ಪಾಪ, ಅಂಗಿ ಹಾಕಿಕೊಂಡರು. ಮನೆಮನೆಯ ಅಂಗಿ ಸೇರಿದರೂ ಒಬ್ಬನ ಕಣ್ಣಿಗೆ ಪರದೆಯಾಗಲಿಲ್ಲ.

“ಹಂಗಿದ್ರ ಟೇಶನ್ನಿಗೆ ಬಾ. ಅಂವ ಅಕಿನ್ನ ಕರದದ್ದು ನೋಡಿಯಲ್ಲ, ಅಷ್ಟ ಹೇಳು.”

“ಅಂವ ಒಳಗ ಅದಾನ, ಟಂಟಂ ಹೊಡಿಯಾಂವ ಅವನ ತಮ್ಮ. ನಾಳೆ ನನ್ನ ಹತ್ತಿಸ್ಕೋತಾನೇನು? ನೀ ಕೊಪ್ಪಳದಾಗ ಫ್ಯಾನಿನ ಕೆಳಗ ಕುಂತಿರ್ತಿ ತಾಯಿ. ನಾಟಿ ಬಿಟ್ರ ನಮಗ ಬ್ಯಾರೆ ಏನೈತಿ?”

ಧೈರ್ಯ ಮಾಡು ಎಂದು ಹೇಳುವುದು ಸುಲಭ, ಟಂಟಂ ನನಗೆ ಬೇಕಾಗಿಲ್ಲ. “ಅಕಿ ನಿನ್ನ ಹೆಸರ ಹೇಳ್ಯಾಳ. ಸುಳ್ಳಾಡಾಕಿ ಅಲ್ಲ ಅಂದ್ಲು” ಎಂದಷ್ಟೇ ಹೇಳಿ ಚಹಾ ಕುಡಿದೆ. ಚಿಗವ್ವ ಲೋಟ ತೊಳೆದು ಬೋರಲು ಹಾಕಿದಳು. ಬ್ಯಾಗು ಎತ್ತಿಕೊಂಡು ಹೊರಟೆ.

ಬಸ್ ಸ್ಟಾಪಿನಲ್ಲಿ ನೋಡಿದರೆ ಹಿಂದೆ ಚಿಗವ್ವ ನಿಂತಿದ್ದಾಳೆ. ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಸೀಟಿ ಊದುವ ಮುಂಚೆ ಚಿಗವ್ವ ಕಿಟಕಿಯ ಸರಳು ಹಿಡಿದುಕೊಂಡು, ಅಕ್ಕಪಕ್ಕ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

“ಟೇಶನ್ನಿಗೆ ಬರುಮುಂದ ನಾ ಏನ್ ಉಟ್ಕೊಂಡು ಬರ್ಲವಾ?”