ಅಟ್ಟದ ಕಾಯಂತೆ ಬಿಟ್ಟ ಮಗಳು

ಕೋವಿಡ್ ಕಳೆದು ಕೋರ್ಟುಗಳು ಮತ್ತೆ ತುಂಬತೊಡಗಿದ್ದ ವರ್ಷ. ತಿಪಟೂರಿನಲ್ಲಿ ನಾನು ವಕೀಲಿಕೆಗೆ ನಿಂತು ಆಗಲೇ ಮೂವತ್ತು ವರ್ಷ ದಾಟಿತ್ತು. ಗಂಡ ಹೆಂಡಿರ ವ್ಯಾಜ್ಯ, ಮಕ್ಕಳ ವ್ಯಾಜ್ಯವೇ ಹೆಚ್ಚು. ಅರಳಗುಪ್ಪೆ ಕಡೆಯ ಬಸವರಾಜು ಬಂದದ್ದು ಆಗ. ತೆಂಗಿನ ತೋಟದವನು, ಬೆಂಚಿನ ತುದಿಯಲ್ಲೇ ಕೂರುವ ಆಸಾಮಿ.

"ನನ್ ಮಗಳ್ನ ಕೊಡಲ್ಲ ಅಂತವ್ರೆ ಸಾರ್" ಎಂದ.

ಹೆಂಡತಿ ಜ್ವರದಲ್ಲಿ ತೀರಿಕೊಂಡಾಗ ಮಗಳು ಪೂರ್ವಿ ಇನ್ನೂ ತಪ್ಪುತಪ್ಪು ಹೆಜ್ಜೆ ಇಡುತ್ತಿದ್ದಳು. ಅತ್ತೆ ಗಂಗಮ್ಮ ಮಗುವನ್ನು ತುರುವೇಕೆರೆ ಹತ್ತಿರದ ತಮ್ಮೂರಿಗೆ ಕರೆದೊಯ್ದರು. ಹಿರಿಯರು ಕೂತು, "ಸ್ಕೂಲಿಗೆ ಸೇರ್ಸೋಗಂಟ ಅಜ್ಜಿ ತಾವ ಇರ್ಲಿ ಕಣಪ್ಪ. ನೀನು ಹೋಗಿ ಬಂದು ಮಾಡಿದ್ರೆ ಮಗು ಹಂಬಲಿಸ್ತದೆ" ಎಂದರು. ಇವನು ಹಾಗೇ ನಡೆದ. ಕಾಯಿ, ರಾಗಿ, ಬೆಣ್ಣೆ, ಹಬ್ಬಕ್ಕೆ ಬಟ್ಟೆ ಎಲ್ಲವನ್ನೂ ಲಗೇಜ್ ಆಟೋದಲ್ಲಿ ಕಳಿಸಿದ. ಸ್ಕೂಲಿಗೆ ಸೇರಿಸುವ ವಯಸ್ಸು ಬಂತೆಂದು ಈಗ ಮಗಳನ್ನು ಕೇಳಿದರೆ ಅತ್ತೆ ಮನೆಯವರು ಒಪ್ಪಲಿಲ್ಲ.

"ನೀನು ಒಂದು ಸಲವೂ ಹೋಗಲಿಲ್ವೇನಯ್ಯ?"

"ಅಟ್ಟಕ್ಕಾಕಿದ ಕಾಯ ದಿನಾ ಅಲ್ಲಾಡಿಸ್ತಾರಾ ಸಾರ್? ಅದ್ರ ಪಾಡಿಗೆ ಬುಟ್ರೆ ತಾನೇ ಕೊಬ್ರಿ ಆಗೋದು?"

ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯನ್ನು ತಿಂಗಳುಗಟ್ಟಲೆ ಯಾರೂ ಕೆದಕುವುದಿಲ್ಲ. ಒಳಗಿನ ನೀರು ಇಂಗಿ ತಾನೇ ಒಣಗುತ್ತದೆ. ಅದೇ ತಾಳ್ಮೆಯನ್ನು ಅವನು ಮಗಳ ವಿಷಯದಲ್ಲೂ ಇಟ್ಟುಕೊಂಡಿದ್ದ.

ಕಾನೂನು ಬಿಡಿಸಿ ಹೇಳಿದೆ. ತಾಯಿಯಿಲ್ಲದ ಮಗುವಿಗೆ ತಂದೆಯೇ ನ್ಯಾಚುರಲ್ ಗಾರ್ಡಿಯನ್, ಅಂದರೆ ಸಹಜ ಪಾಲಕ. ಆದರೆ ಕಸ್ಟಡಿ, ಅಂದರೆ ಮಗು ಯಾರ ಜೊತೆ ಇರಬೇಕು ಎಂಬುದು ಬೇರೆ ಮಾತು. ಅಲ್ಲಿ ಕೋರ್ಟ್ ಎಲ್ಲಕ್ಕಿಂತ ಮೊದಲು ನೋಡುವುದು ಮಗುವಿನ ಹಿತವನ್ನು. ಅವನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. "ಹಂಗಾದ್ರೆ ಬತ್ತಾಳೆ ಬುಡಿ" ಎಂದು ಹೋಗಿ, ಮನೆಗೆ ಸುಣ್ಣಬಣ್ಣ ಮಾಡಿಸಿದ.

ವಿಚಾರಣೆಯಲ್ಲಿ ಗಂಗಮ್ಮನವರನ್ನು ಕೇಳಿದೆ: "ಅಳಿಯ ಮಗುವಿಗೆ ಏನೂ ಕಡಿಮೆ ಮಾಡಿಲ್ಲ ಅಲ್ವೇನಮ್ಮ?"

"ಕಡ್ಮೆ ಮಾಡಿಲ್ಲ ಕಣಪ್ಪ. ಕಾಯಿ ಕಳಿಸ್ದ, ಬೆಣ್ಣೆ ಕಳಿಸ್ದ. ತಾನೊಬ್ಬ ಬರ್ಲಿಲ್ಲ. ಕಾಯಿ ಮೂಟೆ ತೋರ್ಸಿ, ಇದೇ ನಿಮ್ಮಪ್ಪ ಕಣೇ ಅನ್ಬೇಕಿತ್ತಾ?"

ಕೋರ್ಟ್ ಹಾಲ್ ನಕ್ಕಿತು. ಬಸವರಾಜು ತಲೆ ಎತ್ತಲಿಲ್ಲ.

ನ್ಯಾಯಾಧೀಶರು ಮಗುವನ್ನು ಕರೆಸಿದ ದಿನ ಅವನು ಕಾರಿಡಾರಿನಲ್ಲಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. ಅವಳು ಸೋದರಮಾವನ ಪ್ಯಾಂಟು ಹಿಡಿದುಕೊಂಡು, "ಯಾರಜ್ಜಿ ಇವ್ರು?" ಎಂದಳು. ಗಂಗಮ್ಮ ಹಗೆ ಸಾಧಿಸಲಿಲ್ಲ. "ನಿಮ್ಮಪ್ಪ ಕಣೇ, ಹೋಗು" ಎಂದು ಮುಂದಕ್ಕೆ ತಳ್ಳಿದರು. ಮಗು ಒಂದು ಗಳಿಗೆ ಅವನನ್ನು ನೋಡಿ, "ಅಲ್ಲ" ಎಂದು ಮುಖ ಮುಚ್ಚಿಕೊಂಡಿತು.

ಆದೇಶ ಅವನ ಪಾಲಕತ್ವವನ್ನು ಅಲ್ಲಗಳೆಯಲಿಲ್ಲ. ಮಗು ಮಾತ್ರ ಸದ್ಯಕ್ಕೆ ಅಜ್ಜಿಯ ಬಳಿಯೇ ಇರಲಿ, ತಂದೆ ತಿಂಗಳಿಗೆ ಎರಡು ಶನಿವಾರ ಬಂದು ನೋಡಲಿ ಎಂದಿತು. ಮೊದಲ ಶನಿವಾರ ಅವನು ನೆಂಟರನ್ನು ಕೇಳುವಂತೆ "ಊಟ ಆಯ್ತಾ?" ಎಂದನಂತೆ. ಅವಳು ತಲೆಯಾಡಿಸಿದಳಂತೆ. ಅಷ್ಟೇ. ಅಲ್ಲಿಂದ ನೇರ ನನ್ನ ಆಫೀಸಿಗೆ ಬಂದ. "ಸಾರ್, ಮಕ್ಳ ತಾವ ಏನ್ ಮಾತಾಡ್ಬೇಕು?" ಎಂದು ಕೇಳಿ ಅತ್ತುಬಿಟ್ಟ. ಅದಕ್ಕೆ ನನ್ನ ಬಳಿ ಯಾವ ಸೆಕ್ಷನ್ನೂ ಇರಲಿಲ್ಲ.

ಈಗ ಮಗುವನ್ನು ಕೊಡಿಸಿ ಎಂದು ಯಾವ ತಂದೆ ಬಂದರೂ ವಕಾಲತ್ತಿಗೆ ಸಹಿ ಹಾಕಿಸುವ ಮೊದಲು ಕೇಳುತ್ತೇನೆ: "ಕೊನೇ ಸಲ ಎತ್ಕೊಂಡಿದ್ದು ಯಾವಾಗ?" ಉತ್ತರಕ್ಕೆ ತಡವರಿಸಿದರೆ, "ಅರ್ಜಿ ನಾಳೆ ಬರೆಯೋಣ, ಇವತ್ತು ಬಸ್ ಹತ್ತು" ಎನ್ನುತ್ತೇನೆ. ತಂದೆ ಯಾರೆಂದು ಕೋರ್ಟ್ ಹೇಳಬಲ್ಲದು. ಮಗು ಅದನ್ನು ಒಪ್ಪುವಂತೆ ಮಾಡುವ ಆದೇಶವನ್ನು ಮಾತ್ರ ನಾನು ಇದುವರೆಗೆ ಯಾರಿಗೂ ಕೊಡಿಸಲು ಆಗಿಲ್ಲ.